ಬಲ್ಗೇರಿಯನ್ನರ ಬಾಯಲ್ಲಿ ತುರ್ಕಿ ಮಾತು: ಕಲಿಯಲೇ, ಬಿಡಲೇ?

ಪ್ರಶ್ನೆ: ನಾನು ಹುಬ್ಬಳ್ಳಿಯವಳು. ಬಲ್ಗೇರಿಯಾದ ಪ್ಲೊವ್‌ದಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದೇನೆ, ಈಗ ನಾಲ್ಕನೇ ವರ್ಷ. ಪಾಠ ಇಂಗ್ಲಿಷಿನಲ್ಲಿ, ಆದರೆ ವಾರ್ಡಿನಲ್ಲಿ ರೋಗಿಗಳ ಜೊತೆ ಬಲ್ಗೇರಿಯನ್ ಬೇಕೇ ಬೇಕು. ನನಗೆ ಬರುವ ಬಲ್ಗೇರಿಯನ್‌ನಲ್ಲಿ ಅರ್ಧ ಕ್ಲಾಸಿನದು, ಇನ್ನರ್ಧ ರೂಮ್‌ಮೇಟ್‌ಗಳಿಂದ ಮತ್ತು ಮನೆ ಓನರ್ ಅಜ್ಜಿಯಿಂದ ಕಲಿತದ್ದು. ಹೋದ ವಾರ ರೋಗಿಯೊಬ್ಬರ ವಿಷಯ ಹೇಳುವಾಗ ‘ಬಲಗಣ್ಣು ಕ್ಯೋರವ್’ (ಅಂದರೆ ಕುರುಡು) ಅಂದುಬಿಟ್ಟೆ. ರೋಗಿ ಅಲ್ಲೇ ಮಲಗಿದ್ದರು. ಪ್ರೊಫೆಸರ್ ಕೇಸ್‌ಶೀಟ್ ಕೆಳಗಿಟ್ಟು, ‘ಇದು ತುರ್ಕಿ ಮಾತು, ಬೀದಿ ಮಾತು, ಇಲ್ಲಿ ಬೇಡ’ ಅಂದರು. ಅಜ್ಜಿಯನ್ನು ಕೇಳಿದರೆ, ಇದೇ ಅಸಲಿ ಬಲ್ಗೇರಿಯನ್ ಅಂತಾರೆ. ಕ್ಲಾಸ್‌ಮೇಟ್ ಒಬ್ಬ, ಇವೆಲ್ಲ ಭಾರತದಿಂದಲೇ ಹೋದ ಮಾತುಗಳು ಅಂತಾನೆ. ನನಗೂ ಖಬರು, ಜೋರು, ಖರ್ಚು ಅನ್ನೋ ಥರದ ಮಾತುಗಳು ಕೇಳಿಸುತ್ತವೆ. ಕ್ಲಾಸಿನಲ್ಲಿ ತುರ್ಕಿ ಮನೆಮಾತಿನ ಗೆಳತಿಯೂ ಇದ್ದಾಳೆ. ಅವಳ ಎದುರು ಇವನ್ನು ಆಡಬಹುದಾ? ಅಥವಾ ಎಲ್ಲವನ್ನೂ ಬಿಟ್ಟುಬಿಡಲೇ?

ಉತ್ತರ: ಮೊದಲು ಆ ಹಾಸಿಗೆ ಮೇಲೆ ಮಲಗಿದ್ದವರ ವಿಷಯ ಮಾತಾಡೋಣ. ನಿಮ್ಮ ಪತ್ರದಲ್ಲಿ ಅವರು ಒಂದೇ ಸಾಲಿನಲ್ಲಿ ಬಂದು ಹೋಗುತ್ತಾರೆ. ಆದರೆ ಇಡೀ ಪ್ರಶ್ನೆ ನಿಂತಿರೋದು ಅವರ ಮೇಲೆಯೇ. ‘ಕ್ಯೋರವ್’ ತುರ್ಕಿ ಮಾತು ಹೌದು. ಒರಟು ಮಾತೂ ಹೌದು. ತಪ್ಪಾದದ್ದು ಎರಡನೆಯದರಿಂದ. ಪ್ರೊಫೆಸರ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಿಂದ ನಿಮ್ಮ ತಲೆಯಲ್ಲಿ ಅವು ಗಂಟು ಬಿದ್ದಿವೆ.

ಹುಬ್ಬಳ್ಳಿಯ ಯಾವುದೋ ಆಸ್ಪತ್ರೆಯಲ್ಲಿ ಅಜ್ಜಿಯೊಬ್ಬಳು ‘ಕಣ್ಣ ಕಾಣವಲ್ದವ್ವ, ಕುರುಡಿ ಆಗೇನಿ’ ಅಂತಾಳೆ. ತನ್ನ ಬಗ್ಗೆ ಅವಳು ಹಾಗೆ ಅನ್ನಬಹುದು. ಅದೇ ಡಾಕ್ಟರು ಅವಳ ಕಡೆ ಕೈ ತೋರಿಸಿ ‘ಈ ಕುರುಡಿ’ ಅಂದರೆ ಹೇಗಿರುತ್ತದೆ? ಕುರುಡಿ ಅಚ್ಚ ಕನ್ನಡದ ಮಾತು, ಯಾರಿಂದಲೂ ಕಡ ತಂದದ್ದಲ್ಲ. ಆದರೂ ಚುಚ್ಚುತ್ತದೆ. ಬಲ್ಗೇರಿಯನ್‌ನಲ್ಲಿ ‘ಕ್ಯೋರವ್’ ಕೂಡ ಹೀಗೆಯೇ. ಕಾಲು ಕೈ ಊನ ಆದವರಿಗೆ ಅನ್ನುವ ‘ಸಕಾತ್’, ಕುಂಟರಿಗೆ ಅನ್ನುವ ‘ತೊಪಾಲ್’ ಕೂಡ ಅದೇ ಸಾಲಿನವು. ಅಜ್ಜಿ ಇವನ್ನು ದಿನಕ್ಕೆ ಹತ್ತು ಸಲ ಆಡಿರಬಹುದು. ಅವರ ಬಾಯಲ್ಲಿ ಕೇಳಿ ಕೇಳಿ ನಿಮಗೆ ಇವು ಸಾದಾ ಮಾತು ಅನ್ನಿಸಿವೆ.

ಈಗ ಇನ್ನೊಂದು ವಿಷಯ. ಅದೇ ಪ್ರೊಫೆಸರ್ ಕಿಡ್ನಿ ಪಾಠ ಮಾಡುವಾಗ ಬಲ್ಗೇರಿಯನ್‌ನಲ್ಲಿ ಏನಂತಾರೆ? ‘ಬಬ್ರೆಕ್’. ತುರ್ಕಿಯಲ್ಲಿ ಅದು ‘ಬ್ಯೋಬ್ರೆಕ್’. ತುರ್ಕಿ ಬಳಗದ ಭಾಷೆಗಳಿಂದ ಬಂದ ಮಾತು. ಬಲ್ಗೇರಿಯನ್ ವೈದ್ಯರ ಹತ್ತಿರ ಕಿಡ್ನಿಗೆ ಬೇರೆ ಮಾತೇ ಇಲ್ಲ. ಪುಸ್ತಕದಲ್ಲಿ, ಲ್ಯಾಬ್ ರಿಪೋರ್ಟಿನಲ್ಲಿ, ಆಪರೇಷನ್ ಥಿಯೇಟರಿನಲ್ಲಿ ಎಲ್ಲ ಕಡೆ ಅದೇ. ಗುಲ್ಮದ್ದು ಇನ್ನೂ ಸೊಗಸು. ಅಂಗರಚನೆಯ ಪುಸ್ತಕದಲ್ಲಿ ಸ್ಲಾವಿಕ್ (ಬಲ್ಗೇರಿಯನ್, ರಷ್ಯನ್ ಸೇರಿದ ಭಾಷಾಬಳಗದ) ಮಾತು ‘ಸ್ಲೆಝ್ಕಾ’, ಆಡುಮಾತಿನಲ್ಲಿ ತುರ್ಕಿಯ ‘ದಾಲಾಕ್’. ಎರಡನ್ನೂ ವೈದ್ಯರು ಬಳಸುತ್ತಾರೆ. ತುರ್ಕಿಯಿಂದ ಬಂದದ್ದೆಲ್ಲ ಬೀದಿ ಮಾತು ಅನ್ನೋದು ನಿಮ್ಮ ವಾರ್ಡಿನಲ್ಲೇ ಸುಳ್ಳಾಗುತ್ತದೆ.

ನಾನು ಬಲ್ಗೇರಿಯನ್ ಕಲಿಯಲು ಶುರು ಮಾಡಿದ್ದು ದೆಹಲಿ ವಿಶ್ವವಿದ್ಯಾಲಯದಲ್ಲಿ. ಎಂಬತ್ತರ ದಶಕದಲ್ಲಿ ಸೋಫಿಯಾಗೆ ಹೋದೆ. ಆಮೇಲೆ ಬದುಕೆಲ್ಲ ಅನುವಾದ, ದುಭಾಷಿ ಕೆಲಸ, ಪಾಠ. ಅಲ್ಲಿ ನಾನಿದ್ದ ಮನೆಯ ಅಮ್ಮನಿಗೂ ತುರ್ಕಿ ಅಂದರೆ ಸಿಟ್ಟು. ‘ಐನೂರು ವರ್ಷ ನಮ್ಮನ್ನು ಆಳಿದರು’ ಅನ್ನೋರು. ಅಷ್ಟು ಹೇಳಿ ನನ್ನನ್ನು ಅಂಗಡಿಗೆ ಕಳಿಸೋರು: ‘ಚಾಂತಾ ತಗೋ, ಪಾರಿ ಜೋಬಿನಲ್ಲಿಟ್ಟುಕೋ, ಚೊರಾಪ್ ಹಾಕ್ಕೊಂಡು ಹೋಗು, ಹೊರಗೆ ಚಳಿ.’ ಚಾಂತಾ ಅಂದರೆ ಚೀಲ, ಪಾರಿ ಅಂದರೆ ದುಡ್ಡು, ಚೊರಾಪ್ ಅಂದರೆ ಕಾಲುಚೀಲ. ಜೋಬು ಏನಂತ ನಿಮಗೆ ಹೇಳಬೇಕಿಲ್ಲ. ನಾಲ್ಕೂ ತುರ್ಕಿಯಿಂದ ಬಂದವು. ನಾಲ್ಕೂ ಇವತ್ತಿಗೂ ಶಿಷ್ಟ ಬಲ್ಗೇರಿಯನ್. ಅವುಗಳ ಬದಲಿಗೆ ಆಡೋಕೆ ಬೇರೆ ಮಾತಿಲ್ಲ. ಆ ಅಮ್ಮ ಸುಳ್ಳು ಸಿಟ್ಟು ಮಾಡುತ್ತಿರಲಿಲ್ಲ. ಅವರ ಪಾಲಿಗೆ ಆ ಮಾತುಗಳು ತುರ್ಕಿಯವೇ ಆಗಿರಲಿಲ್ಲ, ತಮ್ಮ ಅಡುಗೆಮನೆಯವು. ನಿಮ್ಮ ಅಜ್ಜಿ ‘ಇದೇ ಅಸಲಿ ಬಲ್ಗೇರಿಯನ್’ ಅನ್ನೋದು ಈ ಅರ್ಥದಲ್ಲಿ ನಿಜ.

ಹಾಗಾದರೆ ಕೆಲವು ಮಾತು ಪುಸ್ತಕದಲ್ಲಿ ಉಳಿದು, ಕೆಲವು ಬೀದಿಗೆ ಯಾಕೆ ಇಳಿದವು? ಇದಕ್ಕೆ ಇತಿಹಾಸ ನೋಡಬೇಕು. ತುರ್ಕಿಯ ಒಟ್ಟೊಮನ್ನರು ಬಲ್ಗೇರಿಯಾದ ರಾಜಧಾನಿ ತರ್ನೊವೊ ಹಿಡಿದದ್ದು 1393ರಲ್ಲಿ. ಬಲ್ಗೇರಿಯನ್ ರಾಜ್ಯ ಮತ್ತೆ ಎದ್ದು ನಿಂತದ್ದು 1878ರಲ್ಲಿ. ಇಷ್ಟು ಕಾಲ ಸಂತೆ, ಕಸುಬು, ಕೋರ್ಟು, ಪೇಟೆ ಎಲ್ಲ ಕಡೆ ತುರ್ಕಿ ಓಡಾಡಿತು. 1878ರ ಮೇಲೆ ಹೊಸ ಸರ್ಕಾರ, ಹೊಸ ಶಾಲೆ, ಹೊಸ ಸೈನ್ಯ, ಹೊಸ ಆಸ್ಪತ್ರೆ ಬಂದವು. ಅವಕ್ಕೆ ಹೊಸ ಮಾತು ಬೇಕಾಯಿತು. ಹಳೆಯ ಚರ್ಚ್ ಭಾಷೆಯಿಂದ ತಂದರು, ರಷ್ಯನ್‌ನಿಂದ ತಂದರು, ಪಶ್ಚಿಮ ಯುರೋಪಿನಿಂದ ತಂದರು. ‘ಹೆಕಿಮಿನ್’ ಹೋಗಿ ‘ಲೆಕಾರ್’ ಬಂತು. ಹೆಕಿಮಿನ್ ನಮ್ಮ ಹಕೀಮನೇ. ದರ್ಜಿಗೆ ‘ತೆರ್ಝಿಯಾ’ ಹೋಗಿ ‘ಶಿವಾಚ್’ ಬಂತು. ಪಕ್ಕದ ಮನೆಯವರಿಗೆ ‘ಸಸೆದ್’ ಬಂದರೂ ‘ಕೊಮ್ಶಿಯಾ’ ಮಾತ್ರ ಸಾಯಲಿಲ್ಲ. ಅರ್ಜಿಯಲ್ಲಿ ಸಸೆದ್ ಅಂತ ಬರೆಯುತ್ತಾರೆ, ಬೇಲಿ ಮೇಲಿಂದ ಕೂಗುವಾಗ ಕೊಮ್ಶಿಯಾ ಅಂತಾರೆ.

ಈ ಶುದ್ಧೀಕರಣ ಶುರುವಾದದ್ದು ಅದಕ್ಕೂ ಮೊದಲೇ. 1846ರಲ್ಲಿ ಲೈಪ್‌ಜಿಗ್‌ನಲ್ಲಿ ಮೊದಲ ಬಲ್ಗೇರಿಯನ್ ಪತ್ರಿಕೆ ಹೊರತಂದ ಇವಾನ್ ಬೊಗೊರೊವ್ ಪರಭಾಷೆಯ ಮಾತುಗಳ ವಿರುದ್ಧ ಜೀವನಪೂರ್ತಿ ಬರೆದರು. ನಿಮ್ಮ ಆಸ್ಪತ್ರೆಯಲ್ಲಿ ರೋಗಿಗಳು ಕಾಯುವ ಜಾಗಕ್ಕೆ ‘ಚಕಾಲ್ನ್ಯಾ’ ಅಂತ ಬೋರ್ಡು ಇರುತ್ತದಲ್ವಾ? ಆ ಮಾತು ಅವರು ಕಟ್ಟಿದ್ದು. ಎಲ್ಲ ಕಡೆ ಅವರು ಗೆಲ್ಲಲಿಲ್ಲ. ಬೆಂಕಿಕಡ್ಡಿಗೆ ‘ಗೀರು-ಹಚ್ಚು-ಕಡ್ಡಿ’ ಅನ್ನೋ ಥರದ ಹೆಸರನ್ನು ಜನ ಅವರ ತಲೆಗೆ ಕಟ್ಟಿ ನಗುತ್ತಾರೆ. ಅಂಗಡಿಯಲ್ಲಿ ಈಗಲೂ ಕೇಳೋದು ತುರ್ಕಿಯ ‘ಕಿಬ್ರಿತ್’ ಅಂತಲೇ.

ಹೀಗೆ ಎರಡು ಮಾತು ಒಂದೇ ಕೆಲಸಕ್ಕೆ ನಿಂತಾಗ, ಹೊಸದು ಮೇಲಿನ ಕುರ್ಚಿ ಹಿಡಿಯಿತು, ಹಳೆಯದು ಕೆಳಗೆ ಕೂತಿತು. ಕೆಳಗೆ ಕೂತದ್ದಕ್ಕೆ ಬಣ್ಣ ಜಾಸ್ತಿ ಬಂತು: ಸಲಿಗೆ, ಸಿಟ್ಟು, ಲೇವಡಿ, ಪ್ರೀತಿ. ಲಂಚಕ್ಕೆ ಕಾನೂನಿನ ಮಾತು ‘ಪೊದ್ಕುಪ್’. ಜನ ಬೈಯುವಾಗ ಅನ್ನೋದು ‘ರುಶ್ವೆತ್’. ನಮ್ಮ ಹಳೆಯ ಕಾಗದಪತ್ರಗಳ ರುಶುವತ್ತು ಅದೇ. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಮುಗಿದ ಮೇಲೆ ಪತ್ರಿಕೆಗಳಿಗೂ ಈ ಖಾರದ ಮಾತುಗಳು ಬೇಕಾದವು. ಶಾಲೆಯ ಕೆಂಪು ಶಾಯಿ ಅಳಿಸಿದ್ದ ಎಷ್ಟೋ ಮಾತು ತಲೆಬರಹಗಳಿಗೆ ವಾಪಸ್ ಬಂದವು.

ಇನ್ನು ನಿಮ್ಮ ಕ್ಲಾಸ್‌ಮೇಟ್ ಹೇಳಿದ ಮಾತು. ಭಾರತದಿಂದ ಹೋದವು ಅನ್ನೋದು ಸರಿಯಲ್ಲ. ಇವುಗಳಲ್ಲಿ ಎಷ್ಟೋ ಮಾತು ಹುಟ್ಟಿನಿಂದ ತುರ್ಕಿಯೂ ಅಲ್ಲ, ಪರ್ಶಿಯನ್ ಇಲ್ಲವೇ ಅರಬಿ. ಒಟ್ಟೊಮನ್ನರ ಕೈಯಲ್ಲಿ ಅವು ಬಾಲ್ಕನ್‌ಗೆ ಹೋದವು. ಬಹಮನಿ, ಬಿಜಾಪುರದ ಆದಿಲ್‌ಶಾಹಿ ದರ್ಬಾರುಗಳಿಂದ, ಆಮೇಲೆ ಮರಾಠರ ಮತ್ತು ಮೈಸೂರಿನ ಹೈದರ್-ಟಿಪ್ಪು ಕಾಲದ ಕಚೇರಿಗಳಿಂದ ಕನ್ನಡಕ್ಕೆ ಬಂದವು. ಒಂದೇ ಅಜ್ಜಿಯ ಮೊಮ್ಮಕ್ಕಳು ಎರಡು ಊರಲ್ಲಿ ಬೆಳೆದ ಹಾಗೆ. ಹುಬ್ಬಳ್ಳಿ ಕಡೆಯವರಿಗೆ ಮೈಸೂರಿನವರಿಗಿಂತ ಬೇಗ ಇವು ಕಿವಿಗೆ ಬೀಳೋದಕ್ಕೆ ಕಾರಣವೂ ಇದೇ.

ಧಾರವಾಡದ ಕಡೆ ‘ನನಗ ಖಬರ್ ಇಲ್ಲ’ ಅಂತೀವಿ. ಪ್ಲೊವ್‌ದಿವ್‌ನಲ್ಲಿ ‘ನ್ಯಾಮಮ್ ಹಬೆರ್’ ಅಂತಾರೆ. ಮಾತಿಗೆ ಮಾತು ಅದೇ. ನಮ್ಮ ಖರ್ಚು ಅಲ್ಲಿ ‘ಹಾರ್ಚಾ’, ಅಂದರೆ ಖರ್ಚು ಮಾಡುತ್ತೇನೆ. ಇದು ಗ್ರಾಮ್ಯವೇ ಅಲ್ಲ, ಯಾರ ಎದುರೂ ಆಡಬಹುದಾದ ಸಾದಾ ಕ್ರಿಯಾಪದ. ನಮ್ಮ ಜೋರು ಅಲ್ಲಿ ‘ಝೋರ್’. ಆದರೆ ಅಲ್ಲಿ ಅದು ಒತ್ತಡ, ತರಾತುರಿ. ಪರೀಕ್ಷೆ ಹತ್ತಿರ ಬಂದಾಗ ‘ನಾ ಝೋರ್ ಸಮ್’ ಅಂದರೆ ‘ಭಾಳ ಒತ್ತಡದಾಗ ಇದ್ದೀನಿ’ ಅಂತ. ಹಮಾಲಿ ಅಲ್ಲಿ ‘ಹಮಾಲಿನ್’, ಪೈಲ್ವಾನ ‘ಪೆಹ್ಲಿವಾನಿನ್’, ಹಿಸಾಬು ‘ಹೆಸಾಪ್’. ಪಾತ್ರೆಗೆ ಹಾಕುವ ಕಲಾಯಿ ಅಲ್ಲಿ ‘ಕಲಾಯ್’. ಅದರಿಂದ ಹುಟ್ಟಿದ ‘ಕಲಾಯ್‌ದಿಸ್ವಾಮ್’ ಅಂದರೆ ಯಾರಿಗಾದರೂ ಚೆನ್ನಾಗಿ ಬೈಯೋದು. ಕಲಾಯಿ ಹಾಕುವವನ ಹೆಸರು ಇವತ್ತು ಕಲಾಯ್‌ಜಿಯೆವ್ ಅನ್ನೋ ಮನೆತನದ ಹೆಸರಾಗಿ ಉಳಿದಿದೆ. ತೆರ್ಝಿಯೆವ್ ಅನ್ನೋರು ದರ್ಜಿಯ ಮನೆಯವರು. ನಿಮ್ಮ ಆಸ್ಪತ್ರೆಯ ಹೆಸರಿನ ಫಲಕಗಳನ್ನು ಒಮ್ಮೆ ಓದಿ ನೋಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಮಾತು ‘ಮೈತಾಪ್’. ತಮಾಷೆ, ಕೀಟಲೆ ಅಂತ ಅರ್ಥ. ಬಲ್ಗೇರಿಯನ್ ಹುಡುಗರು ಬಾಯಿ ತೆರೆದರೆ ಈ ಮಾತು. ಮೂಲ ಪರ್ಶಿಯನ್‌ನ ‘ಮಾಹ್‌ತಾಬ್’, ಬೆಳದಿಂಗಳು. ಬೆಳದಿಂಗಳಂತೆ ಬೆಳಗುವ ಪಟಾಕಿಗೂ ಅದೇ ಹೆಸರು ಬಂತು. ತುರ್ಕಿಯಲ್ಲಿ ಆ ಪಟಾಕಿ ‘ಮೈತಾಪ್’ ಆಯಿತು. ಯಾರನ್ನಾದರೂ ಗೇಲಿ ಮಾಡೋದಕ್ಕೆ ‘ಮೈತಾಪಿಗೆ ತಗೊಳ್ಳೋದು’ ಅನ್ನೋ ನುಡಿಗಟ್ಟು ಹುಟ್ಟಿತು. ಬಲ್ಗೇರಿಯನ್‌ನಲ್ಲಿ ಪಟಾಕಿ ಮರೆತುಹೋಗಿ ಬರೀ ಗೇಲಿ ಉಳಿಯಿತು. ಕನ್ನಡದಲ್ಲಿ ಗೇಲಿ ಬರಲೇ ಇಲ್ಲ, ಪಟಾಕಿ ಉಳಿಯಿತು. ನಮ್ಮ ದೀಪಾವಳಿಯ ಮತಾಪು ಅದೇ ಮಾತು. ಈ ನಂಟು ಕಂಡ ದಿನ ನಾನು ನಿಘಂಟು ಮುಚ್ಚಿ ಸುಮ್ನೆ ಸ್ವಲ್ಪ ಹೊತ್ತು ಕೂತಿದ್ದೆ.

ಭಾರತದ ನಂಟು ನಿಜವಾಗಿ ಇರೋದು ಬೇರೆ ಕಡೆ. ಬಲ್ಗೇರಿಯನ್ ಗ್ರಾಮ್ಯದಲ್ಲಿ ರೋಮಾ (ಹೊರಗಿನವರು ಜಿಪ್ಸಿ ಅನ್ನುವ) ಜನರ ಭಾಷೆಯಿಂದ ಬಂದ ಮಾತುಗಳೂ ಇವೆ. ಆ ಭಾಷೆ ನಮ್ಮ ಉತ್ತರ ಭಾರತದ ಭಾಷೆಗಳ ಬಳಗದ್ದು. ಪ್ರೀತಿಸುವ ಹುಡುಗ ಅಥವಾ ಹುಡುಗಿಗೆ ಅನ್ನುವ ‘ಗಾಜೆ’ ಅಲ್ಲಿಂದ ಬಂದದ್ದು. ದುಡ್ಡಿರುವ ದೊಡ್ಡ ಕುಳಕ್ಕೆ ‘ಬಾರೊವೆತ್ಸ್’ ಅಂತಾರೆ. ರೋಮಾ ಭಾಷೆಯಲ್ಲಿ ‘ಬಾರೊ’ ಅಂದರೆ ದೊಡ್ಡವನು, ಹಿಂದಿಯ ‘ಬಡಾ’ದ ಸಂಬಂಧಿ. ಜನ ಇವನ್ನೂ ತುರ್ಕಿ ಲೆಕ್ಕಕ್ಕೇ ಸೇರಿಸಿಬಿಡುತ್ತಾರೆ.

ತುರ್ಕಿಯಿಂದ ಬಂದದ್ದು ಬರೀ ಮಾತಲ್ಲ, ಮಾತು ಕಟ್ಟುವ ಅಚ್ಚೂ ಬಂತು. ತುರ್ಕಿಯಲ್ಲಿ ಕಸುಬಿನವನಿಗೆ ಹಚ್ಚುವ ‘ಜಿ’, ‘ಚಿ’ ಅನ್ನೋ ಬಾಲ ಬಲ್ಗೇರಿಯನ್‌ನಲ್ಲಿ ‘ಜಿಯಾ’, ‘ಚಿಯಾ’ ಆಯಿತು. ಅದನ್ನು ಸ್ಲಾವಿಕ್ ಮಾತಿಗೂ ಹಚ್ಚುತ್ತಾರೆ. ‘ಸ್ಮೆತ್ಕಾ’ ಅಂದರೆ ಲೆಕ್ಕ, ಬಿಲ್ಲು. ‘ಸ್ಮೆತ್ಕಾಜಿಯಾ’ ಅಂದರೆ ಪ್ರತಿಯೊಂದರಲ್ಲೂ ತನ್ನ ಲಾಭ ಎಣಿಸುವವನು. ಇದೇ ಬಾಲ ನಮ್ಮ ‘ಖಜಾಂಚಿ’ಯ ಕೊನೆಯಲ್ಲೂ ಇದೆ, ಪರ್ಶಿಯನ್ ಮೂಲಕ ಬಂದದ್ದು. ಇನ್ನೊಂದು ಬಾಲ ‘ಲಕ್’. ‘ಪ್ರೊಸ್ತಾಕ್’ ಅಂದರೆ ಒರಟ, ‘ಪ್ರೊಸ್ತಾಕ್ಲಕ್’ ಅಂದರೆ ಒರಟುತನ. ಈ ಬಾಲ ಕಂಡರೆ ಹುಷಾರಾಗಿ. ಸ್ಲಾವಿಕ್ ಮಾತಿಗೆ ಇದನ್ನು ಹಚ್ಚಿದಾಗ ಹೆಚ್ಚಾಗಿ ಅಸಡ್ಡೆಯೋ ಮೂದಲಿಕೆಯೋ ಸೇರಿಕೊಳ್ಳುತ್ತದೆ.

ಅರ್ಥ ಜಾರುವ ಮಾತುಗಳ ಬಗ್ಗೆಯೂ ಒಂದು ಎಚ್ಚರಿಕೆ. ತುರ್ಕಿಯಲ್ಲಿ ‘ತರಿಕಾತ್’ ಅಂದರೆ ಸೂಫಿ ಪಂಥ. ಬಲ್ಗೇರಿಯನ್‌ನಲ್ಲಿ ಚಾಲಾಕಿ ಮನುಷ್ಯ, ಎಲ್ಲಿಯೂ ಸಿಕ್ಕಿಬೀಳದವನು. ‘ಅರ್ಕದಾಶ್’ ತುರ್ಕಿಯಲ್ಲಿ ಗೆಳೆಯ ಅಷ್ಟೇ. ಬಲ್ಗೇರಿಯನ್‌ನಲ್ಲಿ ಸ್ವಲ್ಪ ಕೀಟಲೆಯ ದನಿ ಇರುತ್ತದೆ. ‘ಐಲ್ಯಾಕ್’ ತುರ್ಕಿಯಲ್ಲಿ ಕೆಲಸವಿಲ್ಲದೆ ಅಲೆಯುವುದು. ನಿಮ್ಮ ಪ್ಲೊವ್‌ದಿವ್‌ನಲ್ಲಿ ಅದು ಊರಿನ ಹೆಮ್ಮೆ: ಅವಸರ ಇಲ್ಲ, ಕಾಫಿ ಮುಂದಿಟ್ಟುಕೊಂಡು ಎರಡು ಗಂಟೆ ಕೂರೋದು. 2019ರಲ್ಲಿ ಪ್ಲೊವ್‌ದಿವ್ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಆದಾಗ ಹೊರಗಿನವರಿಗೆಲ್ಲ ಈ ಮಾತು ಕಲಿಸಿದರು. ನಮ್ಮ ಕಡೆಯ ‘ಆರಾಮ್’ ಅದಕ್ಕೆ ಹತ್ತಿರ ಬರುತ್ತದೆ.

ನಿಮ್ಮ ಗೆಳತಿಯ ವಿಷಯಕ್ಕೆ ಬರುತ್ತೇನೆ. ಇದು ಇಡೀ ಪತ್ರದಲ್ಲಿ ನನ್ನನ್ನು ಜಾಸ್ತಿ ತಟ್ಟಿದ ಭಾಗ. 1984ರಿಂದ 1989ರವರೆಗೆ ಬಲ್ಗೇರಿಯಾದ ಸರ್ಕಾರ ಅಲ್ಲಿನ ತುರ್ಕಿ ಜನರ ಹೆಸರುಗಳನ್ನು ಬಲವಂತವಾಗಿ ಬದಲಾಯಿಸಿತು. ಹೊರಗಡೆ ತುರ್ಕಿ ಮಾತಾಡಿದರೆ ದಂಡ ಬೀಳುತ್ತಿತ್ತು. ಗೋರಿಕಲ್ಲಿನ ಹೆಸರನ್ನೂ ಬಿಡಲಿಲ್ಲ. 1989ರ ಬೇಸಿಗೆಯಲ್ಲಿ 3 ಲಕ್ಷಕ್ಕೂ ಹೆಚ್ಚು ಜನ ಮನೆ, ದನ, ಹೊಲ ಬಿಟ್ಟು ಗಡಿ ದಾಟಿ ತುರ್ಕಿಗೆ ಹೋದರು. ಎಷ್ಟೋ ಜನ ಆಮೇಲೆ ಮರಳಿ ಬಂದರು. ಹೆಸರು ವಾಪಸ್ ಪಡೆಯಲು ಕಾನೂನು ಬಂದದ್ದು 1990ರಲ್ಲಿ. ನಾನು ಅಲ್ಲಿದ್ದ ವರ್ಷಗಳಲ್ಲೇ ಇದು ನಡೆದದ್ದು. ತುರ್ಕಿ ಆಡಿದ್ದಕ್ಕೆ ದಂಡ ಹಾಕುವವರು ಜೇಬಿಗೆ ಜೋಬ್ ಅಂತಲೇ ಅನ್ನುತ್ತಿದ್ದರು.

ಆದ್ದರಿಂದ ನಿಮ್ಮ ಗೆಳತಿಗೆ ಈ ಮಾತುಗಳಿಂದ ನೋವಾಗೋದಿಲ್ಲ. ಅವಳೂ ಬಲ್ಗೇರಿಯನ್ ಆಡುವಾಗ ಇವನ್ನೇ ಆಡುತ್ತಾಳೆ. ನೋವಾಗೋದು ‘ತುರ್ಕಿ ಮಾತು, ಅದಕ್ಕೇ ಕೊಳಕು’ ಅನ್ನೋ ವಾಕ್ಯದಿಂದ. ಪ್ರೊಫೆಸರ್ ಹೇಳಿದ್ದನ್ನು ಅವಳ ಎದುರು ಹಾಗೆಯೇ ಒಪ್ಪಿಸಬೇಡಿ. ಅವಳ ಅಜ್ಜ-ಅಜ್ಜಿಗೆ ಒಂದು ಕಾಲದಲ್ಲಿ ಎರಡು ಹೆಸರು ಇದ್ದಿರಬಹುದು. ಅವಳ ಉಚ್ಚಾರಣೆಯನ್ನು ಅಣಕಿಸಿ, ಬಲ್ಗೇರಿಯನ್ ಕಿವಿಗೆ ತಮಾಷೆಯಾಗಿ ಕೇಳಿಸುವ ಹಾಗೆ ತುರ್ಕಿ ಮಾತು ಆಡುವವರೂ ಸಿಗುತ್ತಾರೆ. ಅವರ ಜೊತೆ ಸೇರಬೇಡಿ.

ಈಗ ಏನು ಮಾಡಬೇಕು ಅನ್ನೋದು. ಎಲ್ಲವನ್ನೂ ಬಿಟ್ಟುಬಿಡೋದು ಸುಲಭವಾಗಿ ಕಾಣುತ್ತದೆ. ವೈದ್ಯೆಗೆ ಅದು ಅಪಾಯ. ನಾಳೆ ಹಳ್ಳಿಯಿಂದ ಮುದುಕಿಯೊಬ್ಬರು ಗಂಡನನ್ನು ಕರೆತಂದು ‘ದಮ್ಲಾ ಹೊಡೀತು’ ಅಂತಾರೆ. ದಮ್ಲಾ ಅಂದರೆ ಲಕ್ವ ಹೊಡೆಯೋದು, ಸ್ಟ್ರೋಕ್. ತುರ್ಕಿಯಲ್ಲಿ ಅದರ ಅರ್ಥ ಹನಿ. ಅಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ ಇದೆ, ಮಾತಿನ ಅರ್ಥ ಹುಡುಕುತ್ತಾ ನಿಲ್ಲೋಕಾಗಲ್ಲ. ಇನ್ನೊಬ್ಬರು ನಾಚಿಕೊಂಡು, ದನಿ ತಗ್ಗಿಸಿ ‘ಮಾಯಾಸಲ್’ ಅಂತಾರೆ. ಮೂಲವ್ಯಾಧಿಗೆ ಅವರ ಹತ್ತಿರ ಇರೋದು ಅದೊಂದೇ ಮಾತು. ನೀವು ‘ಹಾಗಂದರೆ?’ ಅಂತ ಜೋರಾಗಿ ಕೇಳಿದರೆ ಎದ್ದು ಹೋಗುತ್ತಾರೆ. ಕಿವಿಗೆ ಎಲ್ಲವೂ ಬೇಕು.

ಎಲ್ಲವನ್ನೂ ಧೈರ್ಯವಾಗಿ ಆಡೋದು ಇನ್ನೊಂದು ದಾರಿ. ಹೊರಗಿನಿಂದ ಬಂದವರು ಇಲ್ಲಿ ಎಡವೋದು ಜಾಸ್ತಿ. ಬಲ್ಗೇರಿಯನ್ ಹುಡುಗ ಗ್ರಾಮ್ಯ ಆಡಿದರೆ, ಅವನಿಗೆ ಬೇರೆ ಮಾತೂ ಬರುತ್ತದೆ ಅಂತ ಕೇಳುವವರಿಗೆ ಗೊತ್ತಿರುತ್ತದೆ. ನೀವು ಆಡಿದರೆ, ಇವಳಿಗೆ ಬರೋದೇ ಇಷ್ಟು ಅಂದುಕೊಳ್ಳುತ್ತಾರೆ, ಇಲ್ಲವೇ ಅಣಕಿಸುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಬೆಂಗಳೂರಿಗೆ ಬಂದ ಹೊಸಬರು ‘ಮಗಾ’, ‘ಸಖತ್’ ಕಲಿತು ಗೆಳೆಯನ ಅಜ್ಜನಿಗೆ ‘ಏನ್ ಮಗಾ’ ಅನ್ನೋದನ್ನು ನೀವೂ ಕೇಳಿರಬೇಕು. ಅಜ್ಜ ನಗಬಹುದು. ಪರೀಕ್ಷಕರು ನಗೋದಿಲ್ಲ. ಜೊತೆಗೆ, ಹೊಸಬರಿಗೆ ಬೇಕಂತಲೇ ಕೆಟ್ಟ ಬೈಗುಳ ಕಲಿಸಿ ಮಜಾ ನೋಡುವವರೂ ಇರುತ್ತಾರೆ. ‘ಸಿಕ್ತಿರ್’ ಅಂಥದ್ದು. ಅರ್ಥ ಬರೆಯೋದಿಲ್ಲ, ಆಡಲೇಬೇಡಿ.

ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳೋದು: ಎಲ್ಲವನ್ನೂ ಕೇಳಿಸಿಕೊಳ್ಳಿ, ಆಡುವಾಗ ಆರಿಸಿಕೊಳ್ಳಿ. ರೋಗಿ ‘ದಮ್ಲಾ’ ಅಂದರೆ ತಿದ್ದಬೇಡಿ. ‘ಕೊಗಾ?’ ಅಂತ ಕೇಳಿ, ಅಂದರೆ ಯಾವಾಗ. ಕೇಸ್‌ಶೀಟಿನಲ್ಲಿ ಮಾತ್ರ ‘ಇನ್ಸುಲ್ತ್’ ಅಂತ ಬರೆಯಿರಿ. ಯಾರ ಜೊತೆಗಾದರೂ ಸಲಿಗೆ ಬೆಳೆದ ಮೇಲೆ ಮೆದುವಾದ ಮಾತುಗಳಿಂದ ಶುರು ಮಾಡಿ. ‘ತಮಾಮ್’ ಅಂದರೆ ಸರಿಯಾಗಿದೆ, ಅಳತೆಗೆ ಸರಿ. ‘ಕೆಫ್’ ಅಂದರೆ ಖುಷಿ, ಹಿತ. ‘ಸೆಫ್ತೆ’ ನಿಮಗೆ ಬೇಗ ಹಿಡಿಸುತ್ತದೆ. ಅಂಗಡಿಯವರ ದಿನದ ಮೊದಲ ವ್ಯಾಪಾರ, ನಮ್ಮ ಬೋಣಿ. ಯಾವುದೇ ಕೆಲಸ ಮೊದಲ ಸಲ ಮಾಡಿದರೂ ಸೆಫ್ತೆ ಅಂತಾರೆ. ನೀವು ಮೊದಲ ಸಲ ರಕ್ತ ತೆಗೆದ ದಿನ ನರ್ಸುಗಳು ಹಾಗಂದಿದ್ದರೆ ಅದು ಪ್ರೀತಿಯಿಂದ ಅಂದದ್ದು.

ಒಂದು ನೋಟ್‌ಬುಕ್ ಮಾಡಿಕೊಳ್ಳಿ. ಮಾತು, ಅರ್ಥ, ಇವೆರಡರ ಪಕ್ಕದಲ್ಲಿ ಮೂರನೇ ಕಾಲಂ: ಯಾರು, ಯಾರಿಗೆ, ಯಾವ ದನಿಯಲ್ಲಿ ಅಂದರು. ಅಜ್ಜಿ ತನ್ನ ಬಗ್ಗೆಯೇ ಅಂದಳಾ, ಪಕ್ಕದ ಮನೆಯವನ ಬಗ್ಗೆ ಅಂದಳಾ ಅನ್ನೋದು ಅಲ್ಲಿರಲಿ. ದೇಹದ ಊನಕ್ಕೆ, ದಡ್ಡತನಕ್ಕೆ, ಜಾತಿ-ಜನಾಂಗಕ್ಕೆ ಸೇರಿದ ಮಾತಿನ ಕೆಳಗೆ ಗೆರೆ ಎಳೆಯಿರಿ. ಅವು ಕಿವಿಗೆ ಮಾತ್ರ.

ಪ್ರೊಫೆಸರ್‌ಗೆ ನೀವು ಏನನ್ನೂ ಸಾಬೀತು ಮಾಡಬೇಕಿಲ್ಲ. ಬಬ್ರೆಕ್ ವಿಷಯ ಎತ್ತಬೇಡಿ, ಅದು ನಿಮಗೆ ಸಮಾಧಾನಕ್ಕೆ ಹೇಳಿದ್ದು. ಮುಂದಿನ ಸಲ ಹೇಳಬೇಕಾದ ವಾಕ್ಯ ಇದು: ‘ಪಾತ್ಸಿಯೆಂತತ್ ನೆ ವಿಝ್ದಾ ಸ್ ದ್ಯಾಸ್ನೊತೊ ಒಕೊ.’ ರೋಗಿಗೆ ಬಲಗಣ್ಣು ಕಾಣಿಸೋದಿಲ್ಲ. ‘ಸ್ಲ್ಯಾಪ್’ ಅನ್ನೋ ಸ್ಲಾವಿಕ್ ಮಾತು ತಪ್ಪೇನಲ್ಲ, ಆದರೆ ಹಾಸಿಗೆ ಪಕ್ಕದಲ್ಲಿ ಈ ವಾಕ್ಯವೇ ಮೆತ್ತಗೆ.

ಆ ರೋಗಿ ಇನ್ನೂ ವಾರ್ಡಿನಲ್ಲೇ ಇದ್ದರೆ ಒಂದು ನಿಮಿಷ ಅವರ ಹತ್ತಿರ ಹೋಗಿ. ‘ಇಝ್ವಿನೆತೆ’ ಅನ್ನಿ, ಕ್ಷಮಿಸಿ ಅಂತ. ಅವರೇ ನಕ್ಕು, ‘ಹೌದಮ್ಮಾ, ಕ್ಯೋರವ್ ಆಗಿದ್ದೀನಿ’ ಅಂದರೂ ಅನ್ನಬಹುದು. ಆಗಲೂ ಆ ಮಾತನ್ನು ಅವರಿಗೇ ಬಿಡಿ. ಕುರ್ಚಿಯನ್ನು ಅವರ ಎಡಗಡೆಗೆ, ಕಾಣುವ ಕಣ್ಣಿನ ಕಡೆಗೆ ಎಳೆದುಕೊಂಡು ಕೂತು ಮಾತಾಡಿಸಿ.